ದೀಪ ಹಿಡಿದ ಹುಡುಗಿಯ ಮುಂದೆ ಅಪ್ಪ: ಒಂದು ಚಿತ್ರ ನಮಗೆ ಯಾಕೆ ಹಿಡಿಸುತ್ತೆ?

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ಮೆಟ್ರೋದಲ್ಲಿ ನಿಂತ್ಕೊಂಡು ಕೇಳ್ತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ನಿದ್ದೆ ಬರ್ಲಿ ಅಂತ ಹಾಕ್ಕೊಂಡಿರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತಿನ ವಿಷಯ ಪೇಂಟಿಂಗ್. ತಕ್ಷಣ ಸ್ಕಿಪ್ ಮಾಡ್ಬೇಡಿ. ನನಗೂ ಪೇಂಟಿಂಗ್ ಬಗ್ಗೆ ಏನೂ ಗೊತ್ತಿಲ್ಲ. ನಾನು ಓದಿರೋದು ಬಿ.ಕಾಂ. ಆರ್ಟ್ ಗ್ಯಾಲರಿಗೆ ಹೋದ್ರೆ ಎಲ್ಲರೂ ತಲೆ ಆಡಿಸ್ತಾರೆ ಅಂತ ನಾನೂ ತಲೆ ಆಡಿಸಿ, ಎರಡು ಫೋಟೋ ತಕ್ಕೊಂಡು, ಕ್ಯಾಂಟೀನ್ ಎಲ್ಲಿದೆ ಅಂತ ಹುಡುಕೋ ಜಾತಿ ನಾನು. ಅದಕ್ಕೇ ಈ ಸಂಚಿಕೆ. ನಮ್ಮಂಥ ಸಾಮಾನ್ಯ ಜನರಿಗೆ ಒಂದು ಚಿತ್ರ ಚೆನ್ನಾಗಿದೆ ಅನ್ನಿಸೋದು ಯಾವುದರಿಂದ? ನೋಡಿ ಮರೆತುಬಿಡೋ ಚಿತ್ರಕ್ಕೂ, ಮನೆಗೆ ಬಂದ ಮೇಲೂ ಬೆನ್ನಿಗೆ ಬೀಳೋ ಚಿತ್ರಕ್ಕೂ ಏನು ವ್ಯತ್ಯಾಸ?

ಈ ಪ್ರಶ್ನೆ ಶುರುವಾಗಿದ್ದು ನನ್ನ ಬಾಡಿಗೆ ಮನೆಯ ಒಂದು ಗೋಡೆಯಿಂದ.

1,499 ರೂಪಾಯಿಯ ಬುದ್ಧ

ಬೆಂಗಳೂರಲ್ಲಿ ಒಂದು ಸಿಂಗಲ್ ಬೆಡ್‌ರೂಮ್ ಮನೆ ಹಿಡಿದೆ. ಹಾಲ್‌ನಲ್ಲಿ ಒಂದು ಗೋಡೆ ಬೋಳು ಬೋಳಾಗಿತ್ತು. ಆನ್‌ಲೈನಲ್ಲಿ ಆಫರ್ ಇತ್ತು. 1,499 ರೂಪಾಯಿಗೆ ಒಂದು ಕ್ಯಾನ್ವಾಸ್ ಪ್ರಿಂಟ್ ತರಿಸಿದೆ. ಕಣ್ಣು ಮುಚ್ಚಿರೋ ಬುದ್ಧ, ಪಕ್ಕದಲ್ಲಿ ಬಂಗಾರದ ಬಣ್ಣದ ಎಲೆಗಳು. ನೀವೂ ನೋಡಿರ್ತೀರಿ. ಪಾರ್ಲರ್‌ನಲ್ಲಿ, ಡೆಂಟಲ್ ಕ್ಲಿನಿಕ್‌ನಲ್ಲಿ, ಹೋಟೆಲ್ ರಿಸೆಪ್ಷನ್‌ನಲ್ಲಿ ಎಲ್ಲಾ ಕಡೆ ಇರೋ ಅದೇ ಬುದ್ಧ.

ಅಪ್ಪ ಅಮ್ಮ ತಿಪಟೂರಿನಿಂದ ಮೊದಲ ಸಲ ಆ ಮನೆಗೆ ಬಂದ್ರು. ಅಮ್ಮ ನೇರ ಅಡುಗೆಮನೆಗೆ ಹೋದ್ಲು. ಅಪ್ಪ ಆ ಬುದ್ಧನ ಮುಂದೆ ನಿಂತ್ರು. ಹತ್ತಿರ ಹೋಗಿ ಒಂದು ಮೂಲೆಯನ್ನ ಉಗುರಿನಿಂದ ಮೆಲ್ಲಗೆ ಮುಟ್ಟಿ ನೋಡಿದ್ರು. ‘ಪ್ರಿಂಟಾ?’ ಅಂದ್ರು. ‘ಹೂಂ’ ಅಂದೆ. ‘ನೀಟಾಗಿದೆ’ ಅಂದು ಕೂತ್ಕೊಂಡ್ರು. ಅಷ್ಟೇ.

ನನಗೆ ಅದು ಚುಚ್ಚಿತು. ಯಾಕೆ ಅಂತ ಹೇಳಬೇಕಾದ್ರೆ ನಮ್ಮಪ್ಪ ಯಾರು ಅಂತ ಹೇಳಬೇಕು.

ನಮ್ಮಪ್ಪ ಬೋರ್ಡ್ ಬರೀತಿದ್ರು. ತಿಪಟೂರಲ್ಲಿ ಕೊಬ್ಬರಿ ಮಂಡಿ, ಬಟ್ಟೆ ಅಂಗಡಿ, ಸೈಕಲ್ ಶಾಪ್, ಲಾರಿ ಹಿಂದಿನ ಅಕ್ಷರ, ಸ್ಕೂಲ್ ಗೋಡೆ ಮೇಲಿನ ಭೂಪಟ, ಎಲ್ಲಾ ಅವರ ಕೈಯಲ್ಲೇ ಆಗ್ತಿತ್ತು. ತಗಡಿನ ಮೇಲೆ ಮೊದಲು ಒಂದು ಕೋಟ್ ಬಣ್ಣ. ಅದು ಒಣಗಿದ ಮೇಲೆ ನೂಲಿಗೆ ಸೀಮೆಸುಣ್ಣದ ಪುಡಿ ಹಚ್ಚಿ, ಆ ಕಡೆ ಈ ಕಡೆ ಎಳೆದು ಹಿಡಿದು, ಮಧ್ಯದಲ್ಲಿ ಎತ್ತಿ ಟಪ್ ಅಂತ ಬಿಟ್ರೆ ನೇರ ಗೆರೆ ಬೀಳ್ತಿತ್ತು. ಆ ನೂಲಿನ ಒಂದು ತುದಿ ಹಿಡ್ಕೊಳ್ಳೋದು ನನ್ನ ಕೆಲಸ. ಆಮೇಲೆ ಎನಾಮೆಲ್ ಪೇಂಟ್, ಟರ್ಪೆಂಟೈನ್ ವಾಸನೆ. ಈಗಲೂ ಎಲ್ಲಾದ್ರೂ ಹೊಸ ಪೇಂಟ್ ವಾಸನೆ ಬಂದ್ರೆ ನನಗೆ ಬೇಸಿಗೆ ರಜೆ ನೆನಪಾಗುತ್ತೆ.

ಆಮೇಲೆ ಫ್ಲೆಕ್ಸ್ ಬಂತು. ಅಪ್ಪ ಎರಡು ದಿನ ಬರೆಯೋ ಬೋರ್ಡು ಅರ್ಧ ಗಂಟೆಯಲ್ಲಿ ಮೆಷಿನ್ನಿಂದ ಹೊರಗೆ ಬರೋಕೆ ಶುರುವಾಯ್ತು. ಜೊತೆಗೆ ಫೋಟೋ ಬೇರೆ. ಕೆಲಸ ಕಮ್ಮಿ ಆಗ್ತಾ ಬಂತು.

ನಾನು ಪಿಯುಸಿ ಕಾಮರ್ಸ್ ಸೇರಿದ ವರ್ಷದ ಮಾತು. ಅಪ್ಪ ಒಂದು ಟೀ ಅಂಗಡಿಗೆ ಬೋರ್ಡ್ ಬರೀತಿದ್ರು. ಅಕ್ಷರ ಎಲ್ಲಾ ಆಗಿತ್ತು. ಪಕ್ಕದಲ್ಲಿ ಒಂದು ಟೀ ಲೋಟ. ಆ ಲೋಟದಿಂದ ಮೇಲಕ್ಕೆ ಏಳೋ ಹಬೆ ಬರೆಯೋಕೆ ಅಪ್ಪ ಒಂದು ಇಡೀ ಮಧ್ಯಾಹ್ನ ತಗೊಂಡ್ರು. ಬರೆಯೋದು, ಬಟ್ಟೆಯಲ್ಲಿ ಒರೆಸೋದು, ದೂರ ಹೋಗಿ ನೋಡೋದು, ಮತ್ತೆ ಬರೆಯೋದು. ನಾನು ಹೊಸದಾಗಿ ಅಕೌಂಟೆನ್ಸಿ ಕಲ್ತಿದ್ದ ಜೋಶ್‌ನಲ್ಲಿ ನೋಟ್‌ಬುಕ್ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿದೆ. ಪೇಂಟಿಗೆ ಎಷ್ಟು, ತಗಡಿಗೆ ಎಷ್ಟು, ಎಷ್ಟು ಗಂಟೆ ಕೆಲಸ, ಗಂಟೆಗೆ ಎಷ್ಟು ಬಿತ್ತು. ಗಾರೆ ಕೆಲಸದವರ ಕೂಲಿಗಿಂತ ಕಮ್ಮಿ ಬಂತು. ಅದನ್ನ ಅಪ್ಪನ ಮುಂದೆ ಹಿಡಿದು ಹೇಳಿದೆ: ‘ಅಪ್ಪ, ಹಬೆಗೆ ಯಾರು ದುಡ್ಡು ಕೊಡ್ತಾರೆ?’

ಅಪ್ಪ ನಕ್ಕು ಸುಮ್ಮನಾದ್ರು. ಅದಾದ ಒಂದು ವರ್ಷಕ್ಕೆ ಬ್ರಷ್‌ಗಳನ್ನೆಲ್ಲ ಒಂದು ಡಬ್ಬಕ್ಕೆ ಹಾಕಿ ಅಟ್ಟದ ಮೇಲೆ ಇಟ್ರು. ಜೆರಾಕ್ಸ್ ಅಂಗಡಿ ಹಾಕಿದ್ರು. ನನ್ನ ಮಾತಿಂದಲೇ ಬಿಟ್ರು ಅಂತ ನಾನು ಹೇಳ್ತಿಲ್ಲ, ಫ್ಲೆಕ್ಸ್ ಬಂದಿತ್ತು. ಆದ್ರೆ ಆ ಮಾತು ನಾನು ಹೇಳಿದ್ದು ನಿಜ.

ಅಂಥವರ ಮಗಳ ಮನೆ ಗೋಡೆ ಮೇಲೆ 1,499ರ ಪ್ರಿಂಟು.

ರೇಟು ಏನು ಹೇಳುತ್ತೆ?

ನಮ್ಮ ಕಾಮರ್ಸ್‌ನಲ್ಲಿ ಮೂರು ಪದ ಮೊದಲ ವಾರವೇ ಹೇಳಿಕೊಡ್ತಾರೆ. ಖರ್ಚು, ಬೆಲೆ, ಮೌಲ್ಯ. ಮೂರೂ ಬೇರೆ ಬೇರೆ ಅಂತ ಪರೀಕ್ಷೆಯಲ್ಲಿ ಬರೀತೀವಿ, ಆಚೆ ಬಂದ ಮೇಲೆ ಮೂರನ್ನೂ ಒಂದೇ ಮಾಡ್ಕೋತೀವಿ. ಪೇಂಟಿಂಗ್ ವಿಷಯದಲ್ಲಂತೂ ನಮಗೆ ಕಾಣೋದು ರೇಟು ಮಾತ್ರ. ‘ಇಷ್ಟು ಕೋಟಿಗೆ ಮಾರಾಟ ಆಯ್ತಂತೆ’ ಅನ್ನೋ ಸುದ್ದಿ ಬಂದಾಗಷ್ಟೇ ನಾವು ಒಂದು ಚಿತ್ರವನ್ನ ಕ್ಲಿಕ್ ಮಾಡಿ ನೋಡೋದು.

ಒಂದು ಉದಾಹರಣೆ ಹೇಳ್ತೀನಿ. ಎಂ.ಎಫ್. ಹುಸೇನ್ 1954ರಲ್ಲಿ ಒಂದು ದೊಡ್ಡ ಚಿತ್ರ ಬರೆದ್ರು. ಹೆಸರು ‘ಗ್ರಾಮ ಯಾತ್ರಾ’. ಸುಮಾರು 14 ಅಡಿ ಉದ್ದ. ಹಳ್ಳಿ ಬದುಕಿನ 13 ತುಣುಕು ದೃಶ್ಯಗಳು ಪಕ್ಕಪಕ್ಕ. ಆ ಕಾಲದಲ್ಲಿ ಭಾರತಕ್ಕೆ ಬಂದಿದ್ದ ಒಬ್ಬ ವೈದ್ಯರು ಅದನ್ನ ಕೊಂಡು ನಾರ್ವೆಗೆ ತಗೊಂಡು ಹೋದ್ರು. ಆಮೇಲೆ ಅದು ಓಸ್ಲೋದ ಆಸ್ಪತ್ರೆಗೆ ಸೇರಿತು. ದಶಕಗಳ ಕಾಲ ಆಸ್ಪತ್ರೆಯ ಗೋಡೆ ಮೇಲೆ ಇತ್ತು. 2025ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಹರಾಜಿನಲ್ಲಿ ಅದು 1.37 ಕೋಟಿ ಡಾಲರ್‌ಗೂ ಹೆಚ್ಚಿಗೆ ಹೋಯ್ತು. ನಮ್ಮ ದುಡ್ಡಲ್ಲಿ ಸುಮಾರು 118 ಕೋಟಿ ರೂಪಾಯಿ.

ಈಗ ಯೋಚನೆ ಮಾಡಿ. ಆ ಆಸ್ಪತ್ರೆಯಲ್ಲಿ ದಿನಾ ಅದರ ಮುಂದೆ ಓಡಾಡ್ತಿದ್ದ ಜನರಿಗೆ ಅದು ಏನಾಗಿತ್ತು? ಕೆಲವರು ತಿರುಗಿಯೂ ನೋಡಿರಲ್ಲ. ಯಾರೋ ಒಬ್ಬರು, ಟೆನ್ಷನ್‌ನಲ್ಲಿ ಕೂತಿದ್ದವರು, ಆ ಎತ್ತಿನ ಗಾಡಿಯನ್ನ ನೋಡ್ತಾ ಒಂದು ಗಂಟೆ ಕಳೆದಿರಬಹುದು. ಹರಾಜಿಗೆ ಮುಂಚಿನ ದಿನ ಮತ್ತು ಮಾರನೇ ದಿನ, ಚಿತ್ರದಲ್ಲಿ ಒಂದು ಚುಕ್ಕೆ ಬಣ್ಣವೂ ಬದಲಾಗಿರಲಿಲ್ಲ. ಬದಲಾಗಿದ್ದು ರೇಟು. ರೇಟು ಅಂದ್ರೆ ಆವತ್ತು ಆ ಕೋಣೆಯಲ್ಲಿ ಎಷ್ಟು ಜನಕ್ಕೆ ಅದು ಎಷ್ಟು ಬೇಕಾಗಿತ್ತು ಅನ್ನೋ ಲೆಕ್ಕ. ಅದೂ ಒಂದು ಮಾಹಿತಿಯೇ, ಸುಳ್ಳಲ್ಲ. ಆದ್ರೆ ಚಿತ್ರ ನಿಮ್ಮ ಜೊತೆ ಏನು ಮಾತಾಡುತ್ತೆ ಅನ್ನೋದು ಆ ಲೆಕ್ಕದಲ್ಲಿ ಬರಲ್ಲ.

ಇನ್ನೊಂದು ವಿಷಯ. ಈ ಹುಸೇನ್ ಶುರುವಿನಲ್ಲಿ ಹೊಟ್ಟೆಪಾಡಿಗೆ ಏನು ಮಾಡ್ತಿದ್ರು ಗೊತ್ತಾ? ಮುಂಬೈಯಲ್ಲಿ ಸಿನಿಮಾ ಹೋರ್ಡಿಂಗ್ ಬರೀತಿದ್ರು. ನಮ್ಮಪ್ಪನ ಥರಾನೇ ಏಣಿ ಹತ್ತಿ ನಿಂತು. ಇದು ಗೊತ್ತಾದಾಗ ನಾನು ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ‘ನನಗೆ ಗೊತ್ತು ಕಣಮ್ಮ’ ಅಂದ್ರು. ನನಗಿಂತ ಇಪ್ಪತ್ತು ವರ್ಷ ಮುಂಚೆಯೇ ಗೊತ್ತಿತ್ತು ಅವರಿಗೆ.

ಜಗನ್ಮೋಹನ ಅರಮನೆಯಲ್ಲಿ

ಹೋದ ವರ್ಷ ಅಪ್ಪ ಅಮ್ಮನ್ನ ಕರ್ಕೊಂಡು ಮೈಸೂರಿಗೆ ಹೋದೆ. ಚಾಮುಂಡಿ ಬೆಟ್ಟ, ಜೂ, ದೊಡ್ಡ ಅರಮನೆ ಎಲ್ಲಾ ಆಯ್ತು. ಟೈಮ್ ಉಳಿದಿತ್ತು ಅಂತ ಜಗನ್ಮೋಹನ ಅರಮನೆಗೆ ಹೋದ್ವಿ. 1861ರಲ್ಲಿ ಕಟ್ಟಿದ ಅರಮನೆ ಅದು. 1915ರಿಂದ ಚಿತ್ರಶಾಲೆ. ರವಿವರ್ಮನ ದೊಡ್ಡ ದೊಡ್ಡ ಚಿತ್ರಗಳು ಅಲ್ಲಿವೆ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಒಂದು ಅಧ್ಯಯನ ಮಾಡಿದ್ರು, 2001ರಲ್ಲಿ ಪ್ರಕಟ ಆಯ್ತು. ಜನ ಒಂದು ಕಲಾಕೃತಿ ಮುಂದೆ ಎಷ್ಟು ಹೊತ್ತು ನಿಲ್ತಾರೆ ಅಂತ ಗಡಿಯಾರ ಹಿಡಿದು ನೋಡಿದ್ರು. ಸರಾಸರಿ 27 ಸೆಕೆಂಡು. ಅದೂ ಕೆಲವರು ತುಂಬಾ ಹೊತ್ತು ನಿಲ್ಲೋದರಿಂದ ಸರಾಸರಿ ಮೇಲಕ್ಕೆ ಹೋಗಿರೋದು. ಅರ್ಧದಷ್ಟು ಸಲ ಜನ 17 ಸೆಕೆಂಡಿಗಿಂತ ಜಾಸ್ತಿ ನಿಂತೇ ಇಲ್ಲ. ಅಂದ್ರೆ ಒಂದು ರೀಲ್ ನೋಡೋವಷ್ಟು ಹೊತ್ತೂ ಇಲ್ಲ. ಅದರಲ್ಲೇ ಪಕ್ಕದ ಹೆಸರಿನ ಚೀಟಿ ಓದೋದೂ ಸೇರಿದೆ. ಅದಕ್ಕೆ ನಾನು ನಗಲ್ಲ. ಜಗನ್ಮೋಹನದಲ್ಲಿ ನನ್ನದು ಹತ್ತು ಸೆಕೆಂಡೂ ಆಗ್ತಿರಲಿಲ್ಲ.

ಅಲ್ಲಿ ಒಂದು ಚಿತ್ರ ಇದೆ, ಮೈಸೂರಿಗೆ ಸ್ಕೂಲ್ ಟ್ರಿಪ್ ಹೋದ ಎಲ್ಲರಿಗೂ ನೆನಪಿರುತ್ತೆ. ಕೈಯಲ್ಲಿ ದೀಪ ಹಿಡಿದು ನಿಂತಿರೋ ಹೆಂಗಸು. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಅಡ್ಡ ಹಿಡಿದಿದ್ದಾಳೆ. ಆ ಬೆಳಕು ಅವಳ ಮುಖಕ್ಕೆ ಬಿದ್ದಿದೆ. ಬೆರಳುಗಳು ಒಳಗಿಂದ ಕೆಂಪಗೆ ಹೊಳೀತಿವೆ. ನಾವು ಚಿಕ್ಕವರಿದ್ದಾಗ ಟಾರ್ಚನ್ನ ಅಂಗೈಗೆ ಒತ್ತಿ ಹಿಡಿದು ಆಟ ಆಡ್ತಿದ್ವಲ್ಲ, ಆ ಕೆಂಪು.

ನಾನು ನೋಡಿದೆ, ‘ಆಹಾ’ ಅಂದೆ, ಫೋನ್ ತೆಗೆದು ಬಂದಿದ್ದ ಮೆಸೇಜ್ ನೋಡೋಕೆ ಶುರು ಮಾಡಿದೆ. ತಲೆ ಎತ್ತಿದಾಗ ಅಪ್ಪ ಅಮ್ಮ ಇಬ್ಬರೂ ಇನ್ನೂ ಅಲ್ಲೇ ನಿಂತಿದ್ರು.

ಅಮ್ಮ ಅಂದ್ಲು: ‘ಪಾಪ, ಗಾಳಿ ಬರ್ತಿದೆ ಅನ್ಸುತ್ತೆ. ಆರೋಗುತ್ತೆ ಅಂತ ಕೈ ಅಡ್ಡ ಹಿಡ್ಕೊಂಡಿದ್ದಾಳೆ. ಅಂಗೈ ಸುಡ್ತಿರುತ್ತೆ.’

ನಾನು ಬೆಳಕು ನೋಡಿದ್ದೆ. ಅಮ್ಮ ಗಾಳಿಯನ್ನ ನೋಡಿದ್ಲು. ಚಿತ್ರದಲ್ಲಿ ಗಾಳಿ ಎಲ್ಲಿದೆ? ಯಾರೂ ಬರೆದಿಲ್ಲ. ಆದ್ರೆ ಕರೆಂಟ್ ಹೋದಾಗ ಸಾವಿರ ಸಲ ದೀಪ ಹಿಡ್ಕೊಂಡು ಹಿತ್ತಲಿಗೆ ಹೋಗಿ ಬಂದಿರೋ ಹೆಂಗಸಿಗೆ ಆ ಕೈ ನೋಡಿದ ತಕ್ಷಣ ಗಾಳಿ ಗೊತ್ತಾಯ್ತು, ಬಿಸಿ ಗೊತ್ತಾಯ್ತು. ಅಮ್ಮ ಏಳನೇ ಕ್ಲಾಸ್ ಓದಿರೋದು. ಆರ್ಟ್ ಬಗ್ಗೆ ಒಂದು ಪುಸ್ತಕ ಓದಿಲ್ಲ. ಆದ್ರೆ ಆವತ್ತು ಆ ಹಾಲ್‌ನಲ್ಲಿ ಆ ಚಿತ್ರವನ್ನ ಸರಿಯಾಗಿ ಓದಿದವಳು ಅವಳೇ ಅಂತ ನನ್ನ ಲೆಕ್ಕ.

ಅಪ್ಪ ನೋಡಿದ್ದು ಬೇರೆ. ಅವರ ಕಣ್ಣು ಬಣ್ಣದ ಮೇಲಿತ್ತು. ‘ಇದು ವಾಟರ್ ಕಲರ್ ಕಣಮ್ಮ’ ಅಂದ್ರು. ‘ಸರಿ, ಏನೀಗ?’ ಅಂದೆ. ಆಗ ಅವರು ಹೇಳಿದ್ದನ್ನ ನಾನು ನನಗೆ ಅರ್ಥ ಆದ ಹಾಗೆ ಹೇಳ್ತೀನಿ.

ಎನಾಮೆಲ್‌ನಲ್ಲಾಗಲಿ, ಆಯಿಲ್ ಪೇಂಟ್‌ನಲ್ಲಾಗಲಿ, ತಪ್ಪಾದ್ರೆ ಮೇಲೆ ಇನ್ನೊಂದು ಕೋಟ್ ಹೊಡೆದು ಮುಚ್ಚಬಹುದು. ಕಪ್ಪಿನ ಮೇಲೆ ಬಿಳಿ ಹಾಕಬಹುದು. ವಾಟರ್ ಕಲರ್‌ನಲ್ಲಿ ಬಣ್ಣ ಪಾರದರ್ಶಕ. ಕೆಳಗಿನದು ಮೇಲೆ ಕಾಣುತ್ತೆ. ಅಲ್ಲಿ ಬೆಳಕು ಅಂದ್ರೆ ಬಿಳಿ ಬಣ್ಣ ಅಲ್ಲ, ಕಾಗದವೇ ಬೆಳಕು. ಎಲ್ಲಿ ಬೆಳಕು ಬೇಕೋ ಅಲ್ಲಿ ಕಾಗದವನ್ನ ಉಳಿಸ್ಕೊಂಡು, ಸುತ್ತ ಕತ್ತಲೆಯನ್ನ ಸ್ವಲ್ಪ ಸ್ವಲ್ಪವೇ ತರಬೇಕು. ಒಂದು ಸಲ ಕೈ ತಪ್ಪಿ ಕಪ್ಪು ಹರಿದ್ರೆ ಹೋಯ್ತು. ‘ಇಷ್ಟೊಂದು ಕತ್ತಲೆ ಬರೆದು ಮಧ್ಯದಲ್ಲಿ ಇಷ್ಟೇ ಇಷ್ಟು ಬೆಳಕು ಉಳಿಸ್ಕೊಂಡಿದಾನಲ್ಲ, ಎಷ್ಟು ಹುಷಾರಾಗಿರ್ಬೇಕು’ ಅಂದ್ರು ಅಪ್ಪ.

ಆಗ ನನಗೆ ಹೊಳೆದಿದ್ದು ಒಂದು. ಆ ಹುಡುಗಿ ದೀಪವನ್ನ ಗಾಳಿಯಿಂದ ಕಾಪಾಡ್ತಿದ್ದಾಳೆ. ಬರೆದವರು ಕಾಗದದ ಬಿಳಿಯನ್ನ ಬಣ್ಣದಿಂದ ಕಾಪಾಡಿದ್ದಾರೆ. ಇಬ್ಬರದೂ ಒಂದೇ ಕೆಲಸ. ಅಮ್ಮ ಒಂದು ಹೇಳಿದ್ಲು, ಅಪ್ಪ ಇನ್ನೊಂದು ಹೇಳಿದ್ರು, ಎರಡನ್ನೂ ಸೇರಿಸಿದಾಗ ನನಗೆ ಚಿತ್ರ ಕಾಣಿಸ್ತು.

ಬರೆದವರು ಯಾರು?

ಈಗ ಒಂದು ತಮಾಷೆ. ಆ ಚಿತ್ರ ಯಾರದ್ದು ಅಂತ ಹತ್ತು ಜನರನ್ನ ಕೇಳಿ. ‘ರವಿವರ್ಮಂದು’ ಅಂತಾರೆ. ನಾನೂ ಹಾಗೇ ಅಂದ್ಕೊಂಡಿದ್ದೆ. ಅಲ್ಲ. ಅದು ಎಸ್.ಎಲ್. ಹಳದಣಕರ್ ಅನ್ನೋ ಕಲಾವಿದರದ್ದು. ಮಹಾರಾಷ್ಟ್ರದ ಸಾವಂತವಾಡಿ ಕಡೆಯವರು, ಮುಂಬೈಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತವರು. ಚಿತ್ರದ ಹೆಸರು ‘ಗ್ಲೋ ಆಫ್ ಹೋಪ್’, ಭರವಸೆಯ ಬೆಳಕು ಅನ್ನಬಹುದು. ಬರೆದಿದ್ದು 1940ರ ದಶಕದಲ್ಲಿ. ರವಿವರ್ಮ ತೀರಿಹೋಗಿದ್ದು 1906ರಲ್ಲೇ.

ದೀಪ ಹಿಡಿದು ನಿಂತಿದ್ದವರು ಹಳದಣಕರ್ ಅವರ ಮಗಳು ಗೀತಾ. ಅಪ್ಪ ಬರೀತಿದ್ರು, ಮಗಳು ದೀಪ ಹಿಡಿದು ನಿಂತಿದ್ದಳು. ಆಕೆ ಗೀತಾ ಉಪ್ಳೇಕರ್ ಆಗಿ ಕೊಲ್ಹಾಪುರದಲ್ಲಿ ಬದುಕಿ, 102 ವರ್ಷ ವಯಸ್ಸಾಗಿ, 2018ರಲ್ಲಿ ತೀರಿಕೊಂಡರು. ಆಗ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಅಷ್ಟು ವರ್ಷ ಮೈಸೂರಿನ ಗೋಡೆ ಮೇಲೆ ಆಕೆಗೆ ವಯಸ್ಸೇ ಆಗಿರಲಿಲ್ಲ.

ಇದನ್ನ ಯಾಕೆ ಹೇಳಿದೆ ಅಂದ್ರೆ, ಲಕ್ಷಾಂತರ ಜನ ಬರೆದವರ ಹೆಸರೇ ತಪ್ಪು ತಿಳ್ಕೊಂಡು ಆ ಚಿತ್ರವನ್ನ ಇಷ್ಟಪಟ್ಟಿದ್ದಾರೆ. ಅಂದ್ರೆ ಆ ಇಷ್ಟ ಹೆಸರಿನಿಂದ ಬಂದಿದ್ದಲ್ಲ, ಚಿತ್ರದಿಂದಲೇ ಬಂದಿದ್ದು. ಹಾಗಂತ ಹೆಸರು ಮುಖ್ಯ ಅಲ್ಲ ಅಂತಲ್ಲ. ಹಳದಣಕರ್‌ಗೆ ಸಲ್ಲಬೇಕಾದ್ದು ರವಿವರ್ಮನ ಖಾತೆಗೆ ಜಮಾ ಆಗಿಬಿಟ್ಟಿದೆಯಲ್ಲ, ಅದು ಅನ್ಯಾಯವೇ. ಮತ್ತು ಅಲ್ಲಿ ನಿಂತಿರೋದು ಬರೆದವರ ಮಗಳು ಅಂತ ಗೊತ್ತಾದ ಮೇಲೆ ನನಗೆ ಆ ಚಿತ್ರ ಮೊದಲಿನ ಹಾಗೆ ಕಾಣ್ತಿಲ್ಲ. ನೂಲಿನ ಒಂದು ತುದಿ ಹಿಡ್ಕೊಂಡು ನಿಂತ ಮಗಳಿಗೆ ಅದು ಬೇರೆ ಥರ ತಾಕುತ್ತೆ.

ಚೆನ್ನಾಗಿರೋದು ಬೇರೆ, ಬೇಕಾಗಿರೋದು ಬೇರೆ

ಇಲ್ಲಿ ಒಂದು ಆಕ್ಷೇಪ ಬರಬಹುದು. ‘ದೀಪದ ಚಿತ್ರ ಥೇಟ್ ಫೋಟೋ ಥರ ಇದೆ, ಅದಕ್ಕೇ ಎಲ್ಲರಿಗೂ ಇಷ್ಟ.’ ನಿಜ, ನಮ್ಮ ಕಡೆ ಚಿತ್ರಕ್ಕೆ ಅತಿ ದೊಡ್ಡ ಹೊಗಳಿಕೆ ಅಂದ್ರೆ ‘ನಿಜವಾಗ್ಲೂ ಇದ್ದ ಹಾಗೇ ಇದೆ’ ಅನ್ನೋದು. ಆದ್ರೆ ಇದ್ದ ಹಾಗೇ ತೋರಿಸೋಕೆ ನಮ್ಮ ಜೇಬಲ್ಲೇ ಕ್ಯಾಮೆರಾ ಇದೆ. ದಿನಾ ಐವತ್ತು ಫೋಟೋ ತೆಗೀತೀವಿ, ಅದರಲ್ಲಿ ಒಂದೂ ನೆನಪಿರಲ್ಲ. ಹಾಗಾದ್ರೆ ಇದ್ದ ಹಾಗೆ ಇರೋದೊಂದೇ ಸಾಕಾಗಲ್ಲ ಅಂತಾಯ್ತು.

ಇದಕ್ಕೆ ಎದುರು ತುದಿಯಲ್ಲಿ ಅಮೂರ್ತ ಚಿತ್ರಗಳಿವೆ. ಬರೀ ಬಣ್ಣ, ಬರೀ ಗೆರೆ. ಅದನ್ನ ನೋಡಿ ನಾವೆಲ್ಲ ಹೇಳೋ ಡೈಲಾಗ್ ಒಂದೇ: ‘ಇದನ್ನ ನಮ್ಮನೆ ಮಗುವೂ ಬಿಡಿಸುತ್ತೆ.’ ಅಮೆರಿಕದ ಇಬ್ಬರು ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿದ್ರು, 2011ರಲ್ಲಿ ಪ್ರಕಟ ಆಯ್ತು. ಹೆಸರಾಂತ ಕಲಾವಿದರ ಅಮೂರ್ತ ಚಿತ್ರವನ್ನ, ನೋಡೋಕೆ ಅದೇ ಥರ ಇರೋ ಮಕ್ಕಳ ಅಥವಾ ಚಿಂಪಾಂಜಿ, ಆನೆಗಳ ಚಿತ್ರದ ಪಕ್ಕ ಇಟ್ಟು, ಯಾವುದು ಇಷ್ಟ, ಯಾವುದು ಉತ್ತಮ ಅಂತ ವಿದ್ಯಾರ್ಥಿಗಳನ್ನ ಕೇಳಿದ್ರು. ಕಲೆ ಓದ್ತಿದ್ದವರೂ ಇದ್ರು, ಓದದೇ ಇದ್ದವರೂ ಇದ್ರು. ಕೆಲವು ಕಡೆ ಬೇಕಂತಲೇ ಹೆಸರಿನ ಚೀಟಿ ಅದಲು ಬದಲು ಮಾಡಿದ್ರು. ಆದ್ರೂ ಕಣ್ಣು ಮುಚ್ಚಿ ಆರಿಸಿದ್ರೆ ಎಷ್ಟು ಬರ್ತಿತ್ತೋ ಅದಕ್ಕಿಂತ ಹೆಚ್ಚು ಸಲ ಕಲಾವಿದರ ಚಿತ್ರವನ್ನೇ ಆರಿಸಿದ್ರು. ಯಾವಾಗಲೂ ಅಲ್ಲ, ತಪ್ಪೂ ಆಯ್ತು. ಆದ್ರೆ ಏನೂ ಗೊತ್ತಿಲ್ಲ ಅಂದ್ಕೊಂಡಿರೋ ನಮ್ಮ ಕಣ್ಣಿಗೂ, ಇಲ್ಲಿ ಯಾರೋ ಯೋಚನೆ ಮಾಡಿ ಕೈ ಆಡಿಸಿದ್ದಾರೆ ಅನ್ನೋದು ಎಷ್ಟೋ ಸಲ ತಿಳಿಯುತ್ತೆ. ನಮ್ಮ ಕಣ್ಣಿನ ಮೇಲೆ ನಮಗೆ ಸ್ವಲ್ಪ ನಂಬಿಕೆ ಇರಲಿ.

ಹಾಗಾದ್ರೆ ಒಳ್ಳೇ ಚಿತ್ರ ಅಂದ್ರೆ ಯೋಚನೆ ಮಾಡಿದ ಕೈ ಕಾಣೋ ಚಿತ್ರ, ಅಲ್ಲಿಗೆ ಮುಗೀತಾ? ಇಲ್ಲ. ನಮ್ಮ ಅಜ್ಜಿ ಇದ್ದಾರೆ ಮಧ್ಯದಲ್ಲಿ.

ಅಜ್ಜಿ ಮನೆಯ ದೇವರ ಗೂಡಿನಲ್ಲಿ ಒಂದು ಲಕ್ಷ್ಮಿ ಪಟ ಇತ್ತು. ಕಮಲದ ಮೇಲೆ ನಿಂತಿರೋಳು, ಪಕ್ಕದಲ್ಲಿ ಆನೆ. ಗಾಜಿನ ಮೇಲೆ ವರ್ಷಗಟ್ಟಲೆ ಹಚ್ಚಿದ ಕುಂಕುಮ. ಮುಖ ಮಾತ್ರ ಕಾಣೋದು. ಇಂಥ ಪಟಗಳು ಮನೆಮನೆಗೆ ಬಂದಿದ್ರಲ್ಲಿ ರವಿವರ್ಮನ ಪಾಲು ದೊಡ್ಡದು. 1894ರಲ್ಲಿ ಆತ ಮುಂಬೈಯಲ್ಲಿ ಅಚ್ಚುಕೂಟ ಶುರು ಮಾಡಿ ದೇವರ ಚಿತ್ರಗಳನ್ನ ಕಲ್ಲಚ್ಚಿನಲ್ಲಿ ಪ್ರಿಂಟ್ ಹಾಕಿಸಿದ. ಅರಮನೆಗಳಲ್ಲಿದ್ದ ಚಿತ್ರ ಗುಡಿಸಲಿನ ಗೋಡೆಗೂ ಬಂತು. ಗುಡಿಯ ಬಾಗಿಲು ಎಲ್ಲರಿಗೂ ತೆರೆದಿರದ ಕಾಲ ಅದು. ಹೊರಗೇ ನಿಲ್ಲಬೇಕಾದವರ ಮನೆಯೊಳಗೂ ದೇವರ ಮುಖ ಬಂದು ಕೂತಿತು. ಆಮೇಲೆ ಬಂದ ಕಲಾ ವಿಮರ್ಶಕರು ಎಷ್ಟೋ ಜನ ‘ಕ್ಯಾಲೆಂಡರ್ ಆರ್ಟ್’ ಅಂತ ಮೂಗು ಮುರಿದ್ರು. ಅಜ್ಜಿಗೆ ಅದು ಆರ್ಟೇ ಅಲ್ಲ. ಅದು ಲಕ್ಷ್ಮಿ. ದಿನಾ ಬೆಳಗ್ಗೆ ಅವಳ ಜೊತೆ ಮಾತಾಡ್ತಿದ್ರು, ಕೆಲವೊಮ್ಮೆ ಜಗಳನೂ ಆಡ್ತಿದ್ರು.

ಆ ಪಟದ ಪ್ರಿಂಟು ಅಷ್ಟೇನೂ ಚೆನ್ನಾಗಿರಲಿಲ್ಲ. ಬಣ್ಣ ಗೆರೆ ದಾಟಿ ಹರಿದಿತ್ತು. ಆದ್ರೆ ಅಜ್ಜಿ ಬದುಕಲ್ಲಿ ಅದಕ್ಕಿದ್ದ ಜಾಗ ಯಾವ ಮ್ಯೂಸಿಯಂನ ಚಿತ್ರಕ್ಕೂ ಇರಲಿಲ್ಲ.

ಅದಕ್ಕೇ ನಾನು ಈಗ ಎರಡು ಖಾತೆ ಇಟ್ಕೊಂಡಿದ್ದೀನಿ. ಒಂದು, ‘ಇದು ಚೆನ್ನಾಗಿದೆಯಾ?’ ಅಂದ್ರೆ ಬರೆದವರ ಕೈ, ಕಣ್ಣು, ಯೋಚನೆ. ಇನ್ನೊಂದು, ‘ಇದು ನನಗೆ ಬೇಕಾ?’ ಅಂದ್ರೆ ನನ್ನ ಬದುಕಿನ ಯಾವುದಕ್ಕೆ ಇದು ತಾಕುತ್ತೆ. ಮೊದಲನೇದನ್ನ ಸ್ವಲ್ಪ ಕಲೀಬಹುದು, ನೋಡ್ತಾ ನೋಡ್ತಾ ಬರುತ್ತೆ. ಎರಡನೇದನ್ನ ಯಾರೂ ಹೇಳಿಕೊಡೋಕೆ ಆಗಲ್ಲ, ಯಾರೂ ಕಿತ್ಕೊಳ್ಳೋಕೂ ಆಗಲ್ಲ. ತೊಂದರೆ ಆಗೋದು ಒಂದರ ಎಂಟ್ರಿಯನ್ನ ಇನ್ನೊಂದಕ್ಕೆ ಹಾಕಿದಾಗ. ‘ನನಗೆ ಅರ್ಥ ಆಗಲಿಲ್ಲ, ಆದ್ದರಿಂದ ಕಸ’ ಅನ್ನೋದು ಒಂದು ತಪ್ಪು. ‘ದೊಡ್ಡವರು ಚೆನ್ನಾಗಿದೆ ಅಂದಿದ್ದಾರೆ, ಆದ್ದರಿಂದ ನನಗೂ ಇಷ್ಟ ಆಗಲೇಬೇಕು’ ಅನ್ನೋದು ಇನ್ನೊಂದು ತಪ್ಪು. ದೀಪದ ಹುಡುಗಿ ಎರಡೂ ಖಾತೆಯಲ್ಲಿ ಪಾಸ್. ಅಜ್ಜಿಯ ಲಕ್ಷ್ಮಿ ಎರಡನೇದರಲ್ಲಿ ಫಸ್ಟ್ ಕ್ಲಾಸ್. ನನ್ನ 1,499ರ ಬುದ್ಧ ಎರಡರಲ್ಲೂ ಇಲ್ಲ. ಅದು ಬೋಳು ಗೋಡೆಗೆ ಹಾಕಿದ ಪ್ಯಾಚು.

ಮುಂದಿನ ಸಲ ಹೀಗೆ ನೋಡಿ

ಬೆಂಗಳೂರಲ್ಲಿರೋರಿಗೆ ಸುಲಭವಾದ ದಾರಿ ಇದೆ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ನಡೆಯುತ್ತೆ. ರಸ್ತೆ ತುಂಬಾ ಕಲಾವಿದರು, ಟಿಕೆಟ್ ಇಲ್ಲ, ಸೂಟು ಬೂಟು ಬೇಡ. ಹೋದ ಸಲ ನಾನು ಹೋದಾಗ ಒಂದು ಪ್ರಯೋಗ ಮಾಡಿದೆ. ಎಲ್ಲಾ ನೋಡೋಕೆ ಹೋಗಲಿಲ್ಲ. ನಡೀತಾ ಹೋಗಿ, ಕಾಲು ತಾನಾಗೇ ನಿಧಾನ ಆದ ಕಡೆ ಮಾತ್ರ ನಿಂತೆ. ಫೋನ್‌ನಲ್ಲಿ ಮೂರು ನಿಮಿಷದ ಟೈಮರ್ ಇಟ್ಟು ಜೇಬಿಗೆ ಹಾಕಿದೆ. ಹೆಸರು, ರೇಟು ನೋಡಲಿಲ್ಲ.

ಮೊದಲ ನಿಮಿಷ ಬೋರು. ಇದನ್ನ ಮುಚ್ಚಿಡಲ್ಲ. ಎರಡನೇ ನಿಮಿಷದಲ್ಲಿ ಕಣ್ಣು ಎಲ್ಲಿಗೆ ಮತ್ತೆ ಮತ್ತೆ ಹೋಗ್ತಿದೆ ಅಂತ ಗೊತ್ತಾಗೋಕೆ ಶುರುವಾಯ್ತು. ಅದೊಂದು ಸಂತೆಯ ಚಿತ್ರ. ಜನ, ಗದ್ದಲ, ತರಕಾರಿ. ಆದ್ರೆ ನನ್ನ ಕಣ್ಣು ಹೋಗ್ತಿದ್ದದ್ದು ಮೂಲೆಯಲ್ಲಿ ಬುಟ್ಟಿ ಮುಂದೆ ಕೂತು ಯಾರ ಕಡೆಗೂ ನೋಡದೇ ಇದ್ದ ಒಬ್ಬ ಮುದುಕಿ ಕಡೆಗೆ. ಯಾಕೆ ಅಂತ ನೋಡಿದ್ರೆ, ಇಡೀ ಚಿತ್ರದಲ್ಲಿ ಅವಳ ಸುತ್ತ ಮಾತ್ರ ಸ್ವಲ್ಪ ಜಾಗ ಖಾಲಿ ಬಿಟ್ಟಿದ್ರು. ಆ ಖಾಲಿ ಜಾಗವೇ ನನ್ನನ್ನ ಎಳೀತಿತ್ತು. ಬರೆದವರನ್ನ ಕೇಳಿದೆ. ‘ಅಲ್ಲಿ ಮೊದಲು ಇಬ್ಬರಿದ್ರು, ಆಮೇಲೆ ತೆಗೆದುಬಿಟ್ಟೆ’ ಅಂದ್ರು. ಅಷ್ಟು ಕೇಳೋಕೆ ನನಗೆ ಯಾವ ಡಿಗ್ರಿಯೂ ಬೇಕಾಗಲಿಲ್ಲ.

ಪಕ್ಕದಲ್ಲೇ ಒಬ್ಬರು ಇನ್ನೊಂದು ಚಿತ್ರಕ್ಕೆ ಚೌಕಾಸಿ ಮಾಡ್ತಿದ್ರು. ‘ಒಂದು ಕ್ಯಾನ್ವಾಸು, ಸ್ವಲ್ಪ ಬಣ್ಣ, ಇಷ್ಟೊಂದಾ?’ ಅಂತ. ಹುಡುಗ ಏನೂ ಹೇಳದೆ ನಗ್ತಾ ನಿಂತಿದ್ದ. ಆ ನಗು ನನಗೆ ಚೆನ್ನಾಗಿ ಗೊತ್ತಿತ್ತು. ಪಿಯುಸಿ ನೋಟ್‌ಬುಕ್ ಹಿಡಿದು ನಿಂತಾಗ ಅಪ್ಪ ನಕ್ಕಿದ್ದು ಅದೇ ನಗು. ಚೌಕಾಸಿ ಮಾಡಿ, ತಪ್ಪಲ್ಲ, ನಮ್ಮ ಹತ್ರನೂ ದುಡ್ಡು ಮರದಲ್ಲಿ ಬೆಳೆಯಲ್ಲ. ಆದ್ರೆ ಕ್ಯಾನ್ವಾಸು, ಬಣ್ಣದ ಖರ್ಚನ್ನ ಲೆಕ್ಕ ಹಾಕಿ ಹೇಳ್ಬೇಡಿ. ಅಳಿಸಿದ ಇಬ್ಬರು ಆ ಲೆಕ್ಕದಲ್ಲಿ ಬರಲ್ಲ.

ಗೋಡೆ ಅಳತೆ

ಚಿತ್ರಸಂತೆಯಿಂದ ಬಂದ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಇಷ್ಟು ವರ್ಷ ಹೇಳದೇ ಇದ್ದದ್ದನ್ನ ಹೇಳಿದೆ. ‘ಅಪ್ಪ, ಪಿಯುಸಿಯಲ್ಲಿ ನಾನು ನಿಮ್ಮ ಬೋರ್ಡಿಗೆ ಲೆಕ್ಕ ಹಾಕಿ ಏನೋ ಅಂದಿದ್ದೆ, ನೆನಪಿದೆಯಾ?’

‘ಯಾವ ಬೋರ್ಡು?’ ಅಂದ್ರು. ‘ನೆನಪಿಲ್ಲ ಬಿಡಮ್ಮ. ನೀನು ಲೆಕ್ಕ ಸರಿಯಾಗೇ ಹಾಕಿರ್ತೀಯ. ಫ್ಲೆಕ್ಸೇ ಅಗ್ಗ ಆಗಿತ್ತು.’

ನನಗೆ ಗಂಟಲು ಕಟ್ಟಿತು. ಮಾತು ಬದಲಾಯಿಸೋಕೆ ಅಂತ, ‘ನಮ್ಮನೆ ಗೋಡೆಗೆ ನೀವೇ ಒಂದು ಚಿತ್ರ ಬರೆದು ಕೊಡಿ’ ಅಂದೆ. ಕೈ ನಡುಗುತ್ತೆ, ಬ್ರಷ್ ಎಲ್ಲಾ ಗಟ್ಟಿಯಾಗಿ ಹೋಗಿವೆ, ಅಂಗಡಿ ಬಿಟ್ಟು ಬರೋಕಾಗಲ್ಲ, ಹೀಗೆ ಒಂದಷ್ಟು ನೆಪ ಹೇಳಿದ್ರು. ನಾನೂ ಒತ್ತಾಯ ಮಾಡಲಿಲ್ಲ. ನಾಲ್ಕು ದಿನ ಬಿಟ್ಟು ಅವರೇ ಫೋನ್ ಮಾಡಿದ್ರು. ಹಲೋ ಇಲ್ಲ, ಊಟ ಆಯ್ತಾ ಇಲ್ಲ.

‘ಆ ಗೋಡೆ ಅಳತೆ ಕಳ್ಸು. ಕಿಟಕಿ ಯಾವ ಕಡೆ ಇದೆ? ಬೆಳಕು ಎಡದಿಂದ ಬರುತ್ತೋ ಬಲದಿಂದ ಬರುತ್ತೋ ನೋಡಿ ಹೇಳು.’

ಮೂರು ವರ್ಷದಿಂದ ಆ ಮನೇಲಿದ್ದೀನಿ. ಬೆಳಕು ಯಾವ ಕಡೆಯಿಂದ ಬರುತ್ತೆ ಅಂತ ನಾನು ನೋಡೇ ಇರಲಿಲ್ಲ. ಎದ್ದು ಹೋಗಿ ನೋಡಿದೆ. ಎಡದಿಂದ.

‘ಏನು ಬರೀಲಿ?’ ಅಂದ್ರು.

‘ಟೀ ಲೋಟ’ ಅಂದೆ. ‘ಹಬೆ ಬರ್ತಿರೋದು.’

ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಅಪ್ಪ ಅಂದ್ರು: ‘ಹಬೆಗೆ ಬೇರೆ ರೇಟು ಆಗುತ್ತೆ.’

ನೆನಪಿತ್ತು ಅವರಿಗೆ.

ಬುದ್ಧನನ್ನ ಇಳಿಸಿ ಮಂಚದ ಕೆಳಗೆ ಇಟ್ಟಿದ್ದೀನಿ. ಸದ್ಯಕ್ಕೆ ಗೋಡೆ ಮೇಲೆ ಒಂದು ಮೊಳೆ ಮಾತ್ರ ಇದೆ. ಬೆಳಗ್ಗೆ ಎಂಟಕ್ಕೆ ಎಡದಿಂದ ಬಿಸಿಲು ಬಂದು ಆ ಮೊಳೆಯ ನೆರಳು ಬೀಳುತ್ತೆ.

ನಿಮ್ಮ ಮನೆಯಲ್ಲೂ ಒಂದು ಚಿತ್ರ ಇರುತ್ತೆ. ಕ್ಯಾಲೆಂಡರ್ ಇರಬಹುದು, ತಮ್ಮ ಎರಡನೇ ಕ್ಲಾಸಲ್ಲಿ ಬರೆದು ಫ್ರಿಡ್ಜ್‌ಗೆ ಅಂಟಿಸಿದ್ದಿರಬಹುದು, ಅಜ್ಜಿ ಹಾಕಿದ ಕಸೂತಿ ಇರಬಹುದು. ಇವತ್ತು ಮೂರು ನಿಮಿಷ ಅದರ ಮುಂದೆ ನಿಂತು ನೋಡಿ. ಏನು ಕಾಣಿಸ್ತು ಅಂತ ಒಂದು ವಾಯ್ಸ್ ನೋಟ್ ಮಾಡಿ ಕಳಿಸಿ. ಚೆನ್ನಾಗಿರೋದನ್ನ ಮುಂದಿನ ಸಂಚಿಕೆಯಲ್ಲಿ ಎಲ್ಲರಿಗೂ ಕೇಳಿಸೋಣ.

ಮತ್ತೆ ಸಿಗೋಣ. ನಮಸ್ಕಾರ.